ಶಿವಮೊಗ್ಗದಲ್ಲಿ ಕೂತು ರೆಗ್ಗೆ ಹಾಕೋದು ಹೇಗೆ: ಹಳೇ ಕ್ಯಾಸೆಟ್, ಬೂಷ್ಟು ಹಿಡಿದ ಎಲ್‌ಪಿ, ಒಂದು ಮೈಕ್‌ಸೆಟ್

ಜಮೈಕಾದ ರೆಗ್ಗೆ ಸಂಗೀತ ಕೇಳ್ಬೇಕು ಅಂದ್ರೆ ಗೋವಾಕ್ಕೆ ಹೋಗ್ಬೇಕು, ಇಲ್ಲಾಂದ್ರೆ ಬೆಂಗಳೂರಲ್ಲಿ ಯಾವ್ದಾದ್ರೂ ಪಬ್ಬು ಹುಡುಕ್ಬೇಕು, ನಮ್ಮ ಶಿವಮೊಗ್ಗದಲ್ಲಿ ಎಂತ ಇದೆ ಅಂತ ಕೇಳೋ ಹುಡುಗ್ರು ಸುಮಾರು ಜನ ಇದಾರೆ. ಅವರಿಗೋಸ್ಕರ ಇದು. ಬೇಕಾದ್ದೆಲ್ಲ ಇಲ್ಲೇ ಇದೆ ಮಾರಾಯ್ರೆ. ಮೈಕ್‌ಸೆಟ್ಟಿನವರು ಇದಾರೆ, ಟ್ರಾನ್ಸ್‌ಫಾರ್ಮರ್ ಸುತ್ತಿ ಆಂಪ್ಲಿಫಯರ್ ರಿಪೇರಿ ಮಾಡೋರು ಇನ್ನೂ ಒಬ್ರೋ ಇಬ್ರೋ ಉಳ್ದಿದಾರೆ, ಮುಚ್ಚಿಹೋದ ಕ್ಯಾಸೆಟ್ ಅಂಗಡಿಗಳ ಮಾಲು ಯಾರದ್ದೋ ಮನೆ ಅಟ್ಟದಲ್ಲಿ ಕೂತಿದೆ, ಮೈಕ್ ಕೈಗೆ ಕೊಟ್ರೆ ಉಸಿರು ತಗೊಳ್ದೆ ಮಾತಾಡೋ ವಾಲಿಬಾಲ್ ಟೂರ್ನಮೆಂಟ್ ಕಾಮೆಂಟ್ರಿಯವರು ಊರೂರಲ್ಲಿ ಇದಾರೆ. ಜಮೈಕಾದಲ್ಲಿ ಈ ಸಂಗೀತ ಬೆಳೆದಿದ್ದೂ ಇಂಥೋರ ಕೈಲೇ, ಎಸಿ ಕ್ಲಬ್ಬಲ್ಲಿ ಅಲ್ಲ.

ಅದನ್ನ ಸ್ವಲ್ಪ ಹೇಳ್ಬಿಡ್ತೀನಿ, ಯಾಕಂದ್ರೆ ಮುಂದೆ ಮಾಡೋ ಕೆಲಸಕ್ಕೆಲ್ಲ ಇದೇ ಆಧಾರ. 1950ರ ದಶಕದಲ್ಲಿ ಜಮೈಕಾದ ರಾಜಧಾನಿ ಕಿಂಗ್‌ಸ್ಟನ್ನಿನ ಬಡ ಬೀದಿಗಳಲ್ಲಿ ಮನೇಲಿ ಪ್ಲೇಯರ್ ಇರೋರು ಕಡಿಮೆ, ಹಂಗಾಗಿ ದೊಡ್ಡ ಬಾಕ್ಸು, ಆಂಪ್ಲಿಫಯರ್ ಕಟ್ಕೊಂಡು ಬಯಲಲ್ಲಿ ರೆಕಾರ್ಡ್ ಹಾಕಿ ಡ್ಯಾನ್ಸ್ ನಡೆಸೋ ಸೌಂಡ್ ಸಿಸ್ಟಂಗಳು ಶುರುವಾದ್ವು. ಡ್ಯೂಕ್ ರೀಡ್ ಅಂತ ಒಬ್ರು, ಪೊಲೀಸ್ ಕೆಲಸ ಬಿಟ್ಟು ಹೆಂಡದಂಗಡಿ ನಡೆಸ್ತಿದ್ದೋರು. ಅವರ ಎದುರಾಳಿ ಕಾಕ್ಸನ್ ಡಾಡ್, ಅಮೆರಿಕದಿಂದ ತಂದ ರೆಕಾರ್ಡಿನ ಲೇಬಲ್ ಕೆರೆದು ಹಾಕೋರು, ಪಕ್ಕದ ಸೌಂಡಿನವನಿಗೆ ಯಾವ ಹಾಡು ಅಂತ ಗೊತ್ತಾಗ್ಬಾರ್ದು ಅಂತ. ಆಮೇಲೆ ಇವರೇ ಹಾಡು ರೆಕಾರ್ಡ್ ಮಾಡಿಸೋಕೆ ಶುರು ಮಾಡಿದ್ರು, ಮೊದಲು ಸ್ಕಾ ಅನ್ನೋ ಚುರುಕು ಕುಣಿತದ ಸಂಗೀತ, 1966ರ ಹೊತ್ತಿಗೆ ನಿಧಾನ ಆಗಿ ರಾಕ್‌ಸ್ಟೆಡಿ, 1968ರ ಹೊತ್ತಿಗೆ ರೆಗ್ಗೆ. ರೆಕಾರ್ಡ್ ಅಂಗಡಿಗಳೂ ಹಂಗೇ. ಕಿಂಗ್‌ಸ್ಟನ್ನಿನ ನಾರ್ತ್ ಪರೇಡಲ್ಲಿದ್ದ ರ್ಯಾಂಡೀಸ್ ಅನ್ನೋ ಹೆಸರಾಂತ ಅಂಗಡಿಯ ವಿನ್ಸೆಂಟ್ ಚಿನ್ ಮೊದಲು ಜ್ಯೂಕ್‌ಬಾಕ್ಸ್ ನೋಡ್ಕೊಳ್ಳೋ ಕೆಲಸದಲ್ಲಿದ್ರು, ಅದ್ರಿಂದ ತೆಗೆದು ಹಾಕಿದ ಹಳೇ ರೆಕಾರ್ಡುಗಳನ್ನ ಮಾರ್ತಾ ಮಾರ್ತಾನೇ ಅಂಗಡಿ ಆಗಿದ್ದು, ಆಮೇಲೆ ಅದರ ಮೇಲ್ಗಡೆನೇ ಸ್ಟುಡಿಯೋ ಮಾಡಿದ್ರು. ಲಂಡನ್ನಿನ ರೆಗ್ಗೆ ಅಂಗಡಿಗಳಲ್ಲಿ ಶನಿವಾರ ಬಂತಂದ್ರೆ ಕೌಂಟರ್ ಹಿಂದಿನವನು ಹೊಸ ರೆಕಾರ್ಡು ಸ್ವಲ್ಪ ಹೊತ್ತು ಹಾಕೋನು, ಬೇಕಾದೋರು ಕೈ ಎತ್ತೋರು, ಮುಂದಿನದು ಹಾಕೋನು.

ನಮ್ಮಲ್ಲಿ ರೆಗ್ಗೆ ಅಂಗಡಿ ಅಂತ ಬೋರ್ಡ್ ಹಾಕ್ಕೊಂಡಿದ್ದು ಇರ್ಲಿಲ್ಲ ಬಿಡಿ. ಇದ್ದಿದ್ದು ರೆಕಾರ್ಡಿಂಗ್ ಅಂಗಡಿಗಳು. ಎಂಬತ್ತರ ದಶಕದ ಕೊನೆ, ತೊಂಬತ್ತರ ಶುರುವಲ್ಲಿ ಗಾಂಧಿ ಬಜಾರ್, ನೆಹರೂ ರೋಡು, ದುರ್ಗಿಗುಡಿ ಕಡೆ ಅಡ್ಡಾಡಿದ್ರೆ ಗೋಡೆ ತುಂಬ ಕ್ಯಾಸೆಟ್ಟು, ಡಬಲ್ ಡೆಕ್ಕು, ಮೂಲೇಲಿ ಒಂದು ಟರ್ನ್‌ಟೇಬಲ್ಲು. ನಾವು ಪಟ್ಟಿ ಬರ್ಕೊಂಡು ಹೋಗಿ ಖಾಲಿ ಕ್ಯಾಸೆಟ್ ಜೊತೆ ಕೊಡೋದು, ಅವರು ತುಂಬಿ ಕೊಡೋದು. ಕಾನೂನು ಪ್ರಕಾರ ಅದು ಸರಿನಾ ಅಂತ ಆಗ ಯಾರು ಕೇಳ್ತಿದ್ರು. ಸಿ-60 ಅಂದ್ರೆ ಒಂದು ಸೈಡಿಗೆ 30 ನಿಮಿಷ, ಪಟ್ಟೀಲಿರೋ ಹಾಡೆಲ್ಲ ಮುಗಿದು ಮೂರು ನಿಮಿಷ ಉಳೀತು ಅಂತಿಟ್ಕೊಳ್ಳಿ, ಖಾಲಿ ಬಿಡೋದು ಅಂಗಡಿಯವರಿಗೆ ಅವಮಾನ, ತಮಗೆ ಇಷ್ಟ ಬಂದದ್ದು ಏನೋ ತುಂಬೋರು. ನಮ್ಮ ಕಿವಿಗೆ ರೆಗ್ಗೆ ಬಿದ್ದಿದ್ದು ಆ ಉಳಿದ ಮೂರು ನಿಮಿಷದಲ್ಲೇ. ಅಣ್ಣಾವ್ರ ಹಾಡು ಮುಗಿದು ಟಕ್ ಅಂತ ಒಂದು ಸದ್ದು, ಆಮೇಲೆ ಗಿಟಾರು ಎಲ್ಲೋ ಹೊಡೀಬಾರದ ಜಾಗದಲ್ಲಿ ಹೊಡೀತಾ ಬರೋದು. ಅದಕ್ಕೇ ಹೇಳೋದು, ಮನೆಗಳಲ್ಲಿ ಸಿಗೋ ಹಳೇ ರೆಕಾರ್ಡಿಂಗ್ ಕ್ಯಾಸೆಟ್ಟನ್ನ ಕವರ್ ಮೇಲಿನ ಬರಹ ನೋಡಿ ಬಿಸಾಕ್ಬೇಡಿ, ಎರಡೂ ಸೈಡಿನ ಕೊನೇ ಐದು ನಿಮಿಷ ಕೇಳಿ.

ಎಲ್ಲಿ ಹುಡುಕೋದು

ಮೊದಲನೇ ಜಾಗ ಹಳೇ ಮೈಕ್‌ಸೆಟ್ಟಿನವರ ಮನೆ. ತೀರ್ಥಹಳ್ಳಿ, ಸಾಗರ, ಹೊಸನಗರ, ಕೊಪ್ಪ, ಎಲ್ಲಾ ಕಡೆ ಮದುವೆಗೆ, ಜಾತ್ರೆಗೆ, ಟೆಂಟ್ ಸಿನಿಮಾಕ್ಕೆ ಗ್ರಾಮಫೋನ್ ಹಾಕ್ತಿದ್ದೋರು ಇದ್ರು, ಈಗ ಅವರ ಮಕ್ಕಳು ಶಾಮಿಯಾನ, ಲೈಟಿಂಗ್ಸ್ ಮಾಡ್ತಿರ್ತಾರೆ. ಅಪ್ಪನ ರೆಕಾರ್ಡ್ ಪೆಟ್ಟಿಗೆ ಎಲ್ಲಿದೆ ಅಂತ ಕೇಳಿ. ಬಹುಪಾಲು ಸಿನಿಮಾ ಹಾಡು, ಹರಿಕಥೆ, ಯಕ್ಷಗಾನ ಇರುತ್ತೆ, ಅದೂ ಒಳ್ಳೇದೇ, ಬೇಡ ಅನ್ಬೇಡಿ. ನಡುವೆ ಒಂದೋ ಎರಡೋ ಇಂಗ್ಲಿಷ್ ಎಲ್‌ಪಿ ಇರುತ್ತೆ, ಹೆಚ್ಚು ಪಾಲು ಬೋನಿ ಎಂ ಅನ್ನೋ ಡಿಸ್ಕೋ ತಂಡದ್ದು. ನಗ್ಬೇಡಿ, ಅದೇ ಬಾಗಿಲು. ಅವರ 1978ರ ಬ್ಯಾಬಿಲಾನ್ ನದಿ ಹಾಡು ನಮ್ಮ ಕಾಲೇಜ್ ಡೇಗಳಲ್ಲೆಲ್ಲ ಕುಣಿದಿರೋ ಹಾಡು, ಅದು ಮೂಲದಲ್ಲಿ ಜಮೈಕಾದ ಮೆಲೋಡಿಯನ್ಸ್ ಅನ್ನೋ ತಂಡ 1970ರಲ್ಲಿ ಹಾಡಿದ್ದು. ಎರಡನ್ನೂ ಒಂದರ ಹಿಂದೆ ಒಂದು ಕೇಳಿ, ರೆಗ್ಗೆ ಅಂದ್ರೆ ಏನು ಅಂತ ಬೇರೆ ಯಾರೂ ಹೇಳ್ಕೊಡೋದು ಬೇಡ.

ಕ್ಯಾಸೆಟ್ಟಲ್ಲಿ ಸಿಗೋ ಸಾಧ್ಯತೆ ಇರೋದು ಬಾಬ್ ಮಾರ್ಲಿ (ಅವರು 1981ರಲ್ಲಿ ತೀರ್ಕೊಂಡ ಮೇಲೆ 1984ರಲ್ಲಿ ಬಂದ ಆಯ್ದ ಹಾಡುಗಳ ಸಂಗ್ರಹ), ಯುಬಿ40, ಎಡ್ಡಿ ಗ್ರಾಂಟ್, ಆಮೇಲೆ ಟಿವೀಲಿ ಬಂದು ಊರಲ್ಲೆಲ್ಲ ಹುಚ್ಚು ಹಿಡಿಸಿದ ಅಪಾಚೆ ಇಂಡಿಯನ್. ಅಪಾಚೆ ಬರ್ಮಿಂಗ್‌ಹ್ಯಾಮ್‌ನ ಪಂಜಾಬಿ ಮನೆಯ ಹುಡುಗ, ಜಮೈಕಾ ಶೈಲೀಲಿ ಪಂಜಾಬಿ ಸೇರಿಸಿ ಹಾಡಿದೋನು. ಶುದ್ಧ ರೆಗ್ಗೆಯೋರು ಮೂಗು ಮುರೀತಾರೆ, ಮುರೀಲಿ. ಬೇರೆ ಬೇಕು ಅಂದ್ರೆ ಬೆಂಗಳೂರಿನ ಸಂಡೇ ಬಜಾರಲ್ಲಿ ಬೆಳಿಗ್ಗೆ ಬೇಗ ಹೋಗಿ ಹುಡುಕ್ಬೇಕು. ಮುಂಬೈ ಕಡೆ ಹೋದ್ರೆ ಚೋರ್ ಬಜಾರ್. ಅಲ್ಲಿನ ಕಾಲಾ ಘೋಡಾದ ರಿದಂ ಹೌಸ್ ಅನ್ನೋ ಹಳೇ ಮ್ಯೂಸಿಕ್ ಅಂಗಡಿ 2016ರಲ್ಲೇ ಮುಚ್ತು, ಯಾರಾದ್ರೂ ಹಳಬರು ಅಲ್ಲಿಗೆ ಹೋಗು ಅಂದ್ರೆ ಹೋಗಿ ಬಾಗಿಲು ನೋಡ್ಕೊಂಡು ಬರ್ತೀರಿ ಅಷ್ಟೇ. ಆನ್‌ಲೈನಲ್ಲಿ ಡಿಸ್ಕಾಗ್ಸ್ ಅನ್ನೋ ರೆಕಾರ್ಡ್ ಮಾರೋ-ಕೊಳ್ಳೋ ಸೈಟ್ ಇದೆ, ಆದ್ರೆ ಹೊರದೇಶದಿಂದ ತರಿಸಿದ್ರೆ ಪೋಸ್ಟೇಜು, ಕಸ್ಟಮ್ಸು ಸೇರಿ ರೆಕಾರ್ಡಿಗಿಂತ ಅದೇ ಜಾಸ್ತಿ ಆಗೋದೂ ಇದೆ, ಲೆಕ್ಕ ಹಾಕಿ ಆರ್ಡರ್ ಮಾಡಿ.

ಕೊಳ್ಳೋ ಮುಂಚೆ ರೆಕಾರ್ಡನ್ನ ಬೆಳಕಿಗೆ ಓರೆಯಾಗಿ ಹಿಡೀರಿ, ಮೇಲಿಂದ ನೋಡಿದ್ರೆ ಏನೂ ಕಾಣಲ್ಲ. ಉಗುರಿಗೆ ತಾಗೋ ಗೀರಿದ್ರೆ ಸೂಜಿ ಹಾರುತ್ತೆ, ಬರೀ ಕಣ್ಣಿಗೆ ಕಾಣೋ ಕೂದಲೆಳೆ ಗೀರಾದ್ರೆ ಚಿಂತೆ ಇಲ್ಲ. ಕಣ್ಣಿನ ಮಟ್ಟಕ್ಕೆ ಹಿಡಿದು ಡೊಂಕು ನೋಡಿ. ಹಾಡು ಮುಗಿದ ಮೇಲೆ ಲೇಬಲ್ ಸುತ್ತ ಇರೋ ನುಣುಪು ಜಾಗದಲ್ಲಿ ಕೆತ್ತಿರೋ ಅಕ್ಷರ, ನಂಬರು ಇರುತ್ತೆ, ಅದನ್ನ ಡಿಸ್ಕಾಗ್ಸಲ್ಲಿ ಹಾಕಿದ್ರೆ ಯಾವ ಪ್ರೆಸ್ಸಿಂಗ್, ಅಂದ್ರೆ ಎಲ್ಲಿ ಯಾವಾಗ ಒತ್ತಿದ್ದು ಅಂತ ಬರುತ್ತೆ. ಜಮೈಕಾದ 7 ಇಂಚಿನ ರೆಕಾರ್ಡಿಗೆ ನಡುವಿನ ತೂತು ದೊಡ್ಡದು, ನಮ್ಮ ಇಂಡಿಯನ್ ಇಪಿಗಳಂಗೆ ಸಣ್ಣದಲ್ಲ, ಅದಕ್ಕೆ ಅಡಾಪ್ಟರ್ ಬೇಕು, ಪ್ಲಾಸ್ಟಿಕ್ಕಿಂದು ಕಡಿಮೆ ರೇಟಿಗೆ ಸಿಗುತ್ತೆ. ಇನ್ನೊಂದು, ಜಮೈಕಾ ಪ್ರೆಸ್ಸಿಂಗ್ ಅಂದ್ರೆ ಹೊಸದೇ ಆದ್ರೂ ಚರಚರ ಅನ್ನುತ್ತೆ, ಹಳೇ ಪ್ಲಾಸ್ಟಿಕ್ ಕರಗಿಸಿ ಒತ್ತಿದ್ದೂ ಇದೆ, ತೂತು ನಡೂಗೆ ಇಲ್ದೆ ಇರೋದೂ ಇದೆ. ಅದು ದೋಷ ಅಂತ ಬೇಜಾರ್ ಮಾಡ್ಕೊಂಡ್ರೆ ಈ ಸಹವಾಸನೇ ಬೇಡ.

ಬೂಷ್ಟು

ಮಲ್ನಾಡಲ್ಲಿ ರೆಕಾರ್ಡ್ ಇಟ್ಕೊಳ್ಳೋದು ಅಂದ್ರೆ ಅರ್ಧ ಕೆಲಸ ಬೂಷ್ಟಿನ ಜೊತೆ ಜಗಳ. ಆಗುಂಬೆಯಲ್ಲಿ ವರ್ಷಕ್ಕೆ 7,000 ಮಿಲಿಮೀಟರ್‌ಗಿಂತ ಜಾಸ್ತಿ ಮಳೆ, ಶಿವಮೊಗ್ಗ ಪೇಟೇಲಿ ಅದಕ್ಕಿಂತ ಬಹಳ ಕಡಿಮೆ, ಆದ್ರೂ ಜೂನಿಂದ ಸೆಪ್ಟೆಂಬರ್ ತನಕ ಗಾಳೀಲಿ ತೇವ ಇದ್ದೇ ಇರುತ್ತೆ. ತೇವಾಂಶ ಸುಮಾರು ಶೇಕಡ 65 ದಾಟಿ ಹಂಗೇ ನಿಂತ್ರೆ ಬೂಷ್ಟು ಬೆಳೆಯೋಕೆ ಅಷ್ಟು ಸಾಕು, ನಮ್ಮ ಮನೆಗಳಲ್ಲಿ ಮಳೆಗಾಲ ಪೂರ್ತಿ ಅದು ದಾಟಿರುತ್ತೆ. ಬೂಷ್ಟಿಗೆ ರೆಕಾರ್ಡಿನ ಪ್ಲಾಸ್ಟಿಕ್ಕು, ಅಂದ್ರೆ ವಿನೈಲ್ ತಿನ್ನೋಕಾಗಲ್ಲ, ಅದು ತಿನ್ನೋದು ಕವರಿನ ಕಾಗದ, ಅಂಟು, ಬೆರಳಿನ ಜಿಡ್ಡು, ಆದ್ರೆ ಅಲ್ಲಿಂದ ಸೂಜಿ ಓಡೋ ಸಾಲು, ಅಂದ್ರೆ ಗ್ರೂವ್ ಒಳಗೆ ಹಬ್ಬಿ ಕೂತ್ಕೊಳ್ಳುತ್ತೆ. ಹಂಗಾಗಿ ಬೂಷ್ಟು ಹಿಡಿದ ರೆಕಾರ್ಡ್ ಕೈಗೆ ಬಂದ ಕೂಡಲೇ ಒಳಗಿನ ಕಾಗದದ ಕವರ್ ಬಿಸಾಕಿ, ಬೇರೆ ರೆಕಾರ್ಡ್ ಪಕ್ಕ ಇಡ್ಲೇಬೇಡಿ, ಮಾಸ್ಕ್ ಹಾಕ್ಕೊಂಡು ಜಗಲೀಲೋ ಅಂಗಳದಲ್ಲೋ ಕೂತು ಒಣ ಬ್ರಷ್ಷಲ್ಲಿ ಮೊದಲು ಉದುರಿಸಿ. ಒಳಗೆ ಫ್ಯಾನ್ ಕೆಳಗೆ ಕೂತು ಮಾಡಿದ್ರೆ ಆ ಪುಡಿ ಮನೆಯೆಲ್ಲ ಹಾರುತ್ತೆ, ಅಮ್ಮನ ಹತ್ರ ಬೈಸ್ಕೊಳ್ತೀರಿ, ಉಬ್ಬಸ ಇರೋರು ಮನೇಲಿದ್ರೆ ಅವರಿಗೂ ತೊಂದ್ರೆ.

ಆಮೇಲೆ ತೊಳೆಯೋದು. ನಾಲ್ಕು ಪಾಲು ಡಿಸ್ಟಿಲ್ಡ್ ವಾಟರ್, ಒಂದು ಪಾಲು ಐಸೊಪ್ರೊಪೈಲ್ ಆಲ್ಕೋಹಾಲ್, ಅದಕ್ಕೆ ಪಾತ್ರೆ ತೊಳೆಯೋ ಲಿಕ್ವಿಡ್ ಒಂದೇ ಒಂದು ಹನಿ. ಬಾವಿ ನೀರು, ನಲ್ಲಿ ನೀರು ಬೇಡ, ಆರಿದ ಮೇಲೆ ಅದರ ಉಪ್ಪು ಗ್ರೂವಲ್ಲೇ ಉಳಿಯುತ್ತೆ. ಹ್ಯಾಂಡ್ ಸ್ಯಾನಿಟೈಜರ್ ಅಂತೂ ಬೇಡವೇ ಬೇಡ, ಅದ್ರಲ್ಲಿ ಗ್ಲಿಸರಿನ್ ಇರುತ್ತೆ, ಅಂಟಂಟಾಗುತ್ತೆ. ಲೇಬಲ್ ಮೇಲೆ ನೀರು ಬೀಳ್ದಂಗೆ ಒಂದು ಪ್ಲಾಸ್ಟಿಕ್ ಡಬ್ಬಿ ಮುಚ್ಚಳ ಒತ್ತಿ ಹಿಡ್ಕೊಂಡು ಮೈಕ್ರೋಫೈಬರ್ ಬಟ್ಟೇಲಿ ಗ್ರೂವ್ ಇರೋ ದಿಕ್ಕಲ್ಲೇ ಸುತ್ತ ಸುತ್ತ ಒರೆಸಿ, ಅಡ್ಡಡ್ಡ ಉಜ್ಬೇಡಿ. ಕೊನೆಗೆ ಬರೀ ಡಿಸ್ಟಿಲ್ಡ್ ವಾಟರಲ್ಲಿ ಇನ್ನೊಂದು ಸಲ, ಪಾತ್ರೆ ಸ್ಟ್ಯಾಂಡಲ್ಲಿ ನಿಲ್ಲಿಸಿ ನೆರಳಲ್ಲಿ ಆರಿಸಿ. ಬಿಸಿಲಿಗೆ ಇಟ್ರೆ ಹಪ್ಪಳ ಆಗುತ್ತೆ.

ಬಹಳ ಮುಖ್ಯವಾದ್ದು ಒಂದಿದೆ. ಮೈಕ್‌ಸೆಟ್ ಪೆಟ್ಟಿಗೇಲಿ ಸಿಗೋ ಭಾರದ, ಬಿದ್ರೆ ಒಡೆಯೋ 78 ಸ್ಪೀಡಿನ ತಟ್ಟೆಗಳಿಗೆ ಆಲ್ಕೋಹಾಲ್ ತಾಗಿಸಲೇಬಾರ್ದು. ಅದು ಅರಗಿಂದ ಮಾಡಿದ್ದು, ಆಲ್ಕೋಹಾಲಲ್ಲಿ ಕರಗಿ ಹೋಗುತ್ತೆ, ನಿಮ್ಮ ಕಣ್ಣೆದುರೇ ಹಾಡು ಬಟ್ಟೆಗೆ ಬರುತ್ತೆ. ಅದಕ್ಕೆ ಬರೀ ನೀರು, ಒಂದು ಹನಿ ಸೋಪು, ಬೇಗ ಒರೆಸಿ ಒಣಗಿಸೋದು. ಇಂಟರ್ನೆಟ್ಟಲ್ಲಿ ಫೆವಿಕಾಲ್ ಬಳಿದು ಒಣಗಿಸಿ ಸಿಪ್ಪೆ ಸುಲಿಯೋ ವಿದ್ಯೆ ತೋರಿಸ್ತಾರಲ್ಲ, ಅದು ಒಣ ಊರಿನೋರಿಗೆ. ನಮ್ಮ ಜುಲೈ ತಿಂಗಳಲ್ಲಿ ಬಳಿದ್ರೆ ಗಣಪತಿ ಹಬ್ಬದ ತನಕ ಕಾಯ್ತಾ ಕೂರಿ.

ಇಡೋದು ಹೆಂಗೆ ಅಂದ್ರೆ, ನಿಲ್ಲಿಸಿ ಇಡಿ, ಒಂದರ ಮೇಲೆ ಒಂದು ಪೇರಿಸ್ಬೇಡಿ. ಹಳೇ ಮನೆಗಳಲ್ಲಿ ಒಲೆ ಮೇಲಿನ ಅಟ್ಟ ಬೆಚ್ಚಗಿರುತ್ತೆ ಅಂತ ಎಲ್ಲಾ ಅಲ್ಲೇ ಇಡೋ ಅಭ್ಯಾಸ ಇದೆ, ಮೆಣಸಿಗೆ ಅದು ಸರಿ, ರೆಕಾರ್ಡಿಗೆ ಹೊಗೆ ಮಸಿ ಕೂರುತ್ತೆ, ಕಾವಿಗೆ ಡೊಂಕೂ ಆಗುತ್ತೆ. ಹೊರಗೋಡೆಗೆ ತಾಗಿಸಿ ಕಪಾಟು ಇಡ್ಬೇಡಿ, ಮಳೆಗಾಲದಲ್ಲಿ ಗೋಡೆನೇ ಬೆವರುತ್ತೆ, ನಾಲ್ಕು ಬೆರಳು ಜಾಗ ಬಿಡಿ. ಸಣ್ಣ ಸಂಗ್ರಹ ಆದ್ರೆ ಗಟ್ಟಿ ಮುಚ್ಚಳದ ಪ್ಲಾಸ್ಟಿಕ್ ಡಬ್ಬ, ಒಳಗೆ ಸಿಲಿಕಾ ಜೆಲ್, ಬಣ್ಣ ಬದಲಾದಾಗ ತೆಗೆದು ಕಾಯಿಸಿ ಮತ್ತೆ ಹಾಕೋದು. ಕ್ಯಾಮೆರಾದೋರು ಇಟ್ಕೊಳ್ಳೋ ಡ್ರೈ ಕ್ಯಾಬಿನೆಟ್ ಇನ್ನೂ ಒಳ್ಳೇದು, ದುಡ್ಡಿದ್ರೆ. ಒದ್ದೆ ಕವರಿಗೆ ಪ್ಲಾಸ್ಟಿಕ್ ಹೊದಿಸಿ ಭದ್ರ ಮಾಡ್ದೆ ಅಂತ ಖುಷಿ ಪಡ್ಬೇಡಿ, ತೇವನ ಒಳಗೇ ಕೂಡಿಹಾಕ್ದಂಗೆ ಅದು.

ಕ್ಯಾಸೆಟ್ಟಿಗೂ ಇದೇ ಗೋಳು. ಕಿಟಕೀಲಿ ನೋಡಿದ್ರೆ ಟೇಪಿನ ಸುರುಳಿ ಅಂಚಲ್ಲಿ ಬಿಳಿ ಪುಡಿ ಕಾಣುತ್ತೆ. ಅದನ್ನ ಸೀದಾ ಒಳ್ಳೇ ಡೆಕ್ಕಿಗೆ ಹಾಕಿದ್ರೆ ಆ ಪುಡಿ ಹೆಡ್ಡಿಗೆ, ಅಲ್ಲಿಂದ ನಿಮ್ಮ ಬೇರೆ ಕ್ಯಾಸೆಟ್ಟಿಗೆ ಹೋಗುತ್ತೆ. ಒಂದು ಹಳೇ ಟೂ-ಇನ್-ಒನ್ ಇದಕ್ಕೇ ಅಂತ ಬೇರೆ ಇಟ್ಕೊಳ್ಳಿ. ಮೊದಲು ಪೆನ್ಸಿಲ್ ಹಾಕಿ ಸ್ವಲ್ಪ ತಿರುಗಿಸಿ ಟೇಪು ಅಂಟ್ಕೊಂಡಿಲ್ಲ ಅಂತ ನೋಡ್ಕೊಳ್ಳಿ, ಆಮೇಲೆ ಈ ಕಡೆಯಿಂದ ಆ ಕಡೆ ಪೂರ್ತಿ ಸುತ್ತಿಸಿ, ಸುತ್ತೋವಾಗ ಒಣಗಿದ ಮೆತ್ತನೆ ಬಟ್ಟೆ ಟೇಪಿಗೆ ಹಗೂರ ತಾಗಿಸಿದ್ರೆ ಪುಡಿ ಬಟ್ಟೆಗೆ ಬರುತ್ತೆ. ಟೇಪಿನ ಹಿಂದೆ ಹೆಡ್ಡಿಗೆ ಒತ್ತೋ ಸಣ್ಣ ಸ್ಪಂಜಿನ ಪ್ಯಾಡು ಇರುತ್ತಲ್ಲ, ಅದು ಉದುರಿಹೋಗಿದ್ರೆ ಸೌಂಡು ಮಂದ ಆಗುತ್ತೆ, ಆಗ ಐದು ಸ್ಕ್ರೂ ಇರೋ ಬೇರೆ ಕ್ಯಾಸೆಟ್ ಬಿಚ್ಚಿ ಸುರುಳಿಗಳನ್ನ ಅದರೊಳಗೆ ಕೂರಿಸ್ಬಿಡಿ, ಅಂಟಿಸಿರೋ ಕ್ಯಾಸೆಟ್ಟಾದ್ರೆ ಅಂಚಲ್ಲಿ ಬ್ಲೇಡ್ ಹಾಕಿ ಬಿಡಿಸ್ಬೇಕು, ಕೈ ಹುಷಾರು. ಹಿಂಭಾಗದ ಎರಡು ಸಣ್ಣ ಪ್ಲಾಸ್ಟಿಕ್ ಹಲ್ಲು ಮುರಿದಿದ್ಯಾ ನೋಡಿ, ಇಲ್ದಿದ್ರೆ ಮುರೀರಿ, ಇಲ್ಲಾಂದ್ರೆ ಯಾರಾದ್ರೂ ರೆಕಾರ್ಡ್ ಬಟನ್ ಒತ್ತಿದ್ರೆ ಮೂವತ್ತು ವರ್ಷದ ಹಾಡು ಹೋಯ್ತು. ಹೆಡ್ಡು, ರಬ್ಬರ್ ರೋಲರ್ ಕ್ಲೀನ್ ಮಾಡಿ, ಹೆಡ್ ಪಕ್ಕದ ಸಣ್ಣ ಸ್ಕ್ರೂನ ಒಂಚೂರು ಒಂಚೂರೇ ತಿರುಗಿಸ್ತಾ ಜಾಲ್ರಾ ಸದ್ದು ಎಲ್ಲಿ ತೀರಾ ಚೂಪಾಗಿ ಕೇಳುತ್ತೋ ಅಲ್ಲಿ ಬಿಡಿ, ಮೊದಲ ಪ್ಲೇನಲ್ಲೇ ಲ್ಯಾಪ್‌ಟಾಪಿಗೆ ವೇವ್ ಫೈಲ್ ಮಾಡ್ಕೊಂಡ್ಬಿಡಿ. ಎರಡನೇ ಪ್ಲೇಗೆ ಟೇಪು ಉಳಿಯುತ್ತೆ ಅಂತ ಗ್ಯಾರಂಟಿ ಇಲ್ಲ.

ಪ್ಲೇಯರು

ಅಜ್ಜನ ಮನೇಲಿ ಎಚ್‌ಎಂವಿ ಫಿಯೆಸ್ಟಾ ಸೂಟ್‌ಕೇಸ್ ಪ್ಲೇಯರ್ ಸಿಕ್ತು ಅಂತ ಒಳ್ಳೇ ಎಲ್‌ಪಿ ಅದಕ್ಕೆ ಹಾಕ್ಬೇಡಿ. ಅದರ ಸೆರಾಮಿಕ್ ಕಾರ್ಟ್ರಿಜ್ (ಸೂಜಿ ಕೂರೋ ಭಾಗ) ತೂಕ ಜಾಸ್ತಿ, ಸವೆದ ಸೂಜಿ ಬೇರೆ ಇದ್ರೆ ಗ್ರೂವನ್ನ ಉತ್ತು ಹಾಕುತ್ತೆ. ಕೌಂಟರ್‌ವೇಟ್ (ತೋಳಿನ ಹಿಂದಿನ ತೂಕ) ತಿರುಗಿಸೋಕೆ ಬರೋ ಯಾವ್ದಾದ್ರೂ ಟರ್ನ್‌ಟೇಬಲ್ ಸಾಕು, ಮ್ಯಾಗ್ನೆಟ್ ಕಾರ್ಟ್ರಿಜ್ಜಿಗೆ ಸೂಜಿ ಭಾರ ಸಾಮಾನ್ಯವಾಗಿ ಒಂದೂವರೆಯಿಂದ ಎರಡೂವರೆ ಗ್ರಾಂ, ಕಂಪನಿಯೋರು ಹೇಳಿರೋ ಅಷ್ಟೇ ಇಡಿ, ಅಳೆಯೋಕೆ ಸಣ್ಣ ಡಿಜಿಟಲ್ ತಕ್ಕಡಿ ಸಿಗುತ್ತೆ. 1972ರಲ್ಲಿ ಬಂದ ಟೆಕ್ನಿಕ್ಸ್ ಎಸ್‌ಎಲ್-1200 ಎಲ್ಲಾ ಡಿಜೆಗಳ ಕನಸು, ನಮಗೆ ಅದೇ ಆಗ್ಬೇಕು ಅಂತಿಲ್ಲ, ಯಾಕೆ ಅಂತ ಮುಂದೆ ಹೇಳ್ತೀನಿ. ಕಾರ್ಟ್ರಿಜ್ಜಿಂದ ಬರೋ ಕರೆಂಟು ಬರೀ ಐದು ಮಿಲಿವೋಲ್ಟ್ ಆಸುಪಾಸು, ಅದನ್ನ ದೊಡ್ಡದು ಮಾಡೋ ಫೋನೋ ಪ್ರೀಆಂಪ್ ಬೇಕೇ ಬೇಕು. ಹಳೇ ಮೈಕ್‌ಸೆಟ್ ಆಂಪ್ಲಿಫಯರಲ್ಲಿ ಫೋನೋ ಅಂತ ಬರೆದಿರುತ್ತೆ, ನಂಬ್ಬೇಡಿ, ಅದು ಬಹಳ ಸಲ ಸೆರಾಮಿಕ್ಕಿಗೆ ಮಾಡಿದ್ದು, ಸೌಂಡು ಸೊರಗಿ ಬರುತ್ತೆ.

ಕರೆಂಟ್ ವಿಷ್ಯ. ಮಳೆಗಾಲದಲ್ಲಿ ಇನ್ವರ್ಟರ್ ಮೇಲೆ ನಡೆಸೋ ಹಂಗಿದ್ರೆ ಸೈನ್ ವೇವ್ ಇನ್ವರ್ಟರ್ ಇರ್ಲಿ, ಹಳೇ ಸ್ಕ್ವೇರ್ ವೇವ್ ಇನ್ವರ್ಟರಲ್ಲಿ ಬಾಕ್ಸಲ್ಲಿ ಜೀರುಂಡೆ ಕೂತಂಗೆ ಜೀ ಅನ್ನುತ್ತೆ. ಅರ್ಥಿಂಗ್ ವೈರು ಪ್ರೀಆಂಪಿಗೆ ಕಟ್ಟೋದು ಮರೀಬೇಡಿ. ಹಳೇ ಮಲ್ನಾಡ್ ಮನೆ ಮಹಡಿ ಹಲಗೇದಾದ್ರೆ ಯಾರಾದ್ರೂ ನಡೆದ್ರೂ ಸೂಜಿ ಹಾರುತ್ತೆ, ಬೇಸ್ ಜಾಸ್ತಿ ಮಾಡಿದ್ರೆ ಸೂಜಿಗೇ ವಾಪಸ್ ಹೋಗಿ ಗೂಂ ಅಂತ ಕೂಗುತ್ತೆ. ಕೆಳಗೆ ನೆಲದ ಮೇಲೆ ಇಡಿ, ಇಲ್ಲಾ ಕಡಪ ಕಲ್ಲಿನ ತುಂಡಿನ ಕೆಳಗೆ ಸೈಕಲ್ ಟ್ಯೂಬಿಗೆ ಸ್ವಲ್ಪ ಗಾಳಿ ತುಂಬಿ ಇಟ್ಟು ಅದರ ಮೇಲೆ ಪ್ಲೇಯರ್ ಇಡಿ.

ಸೌಂಡ್ಸ್‌ನವರ ಹತ್ರ ಮಾತಾಡೋದು

ನಮ್ಮೂರಲ್ಲಿ ಡಿಜೆ ಅಂದ್ರೆ ಗಣಪತಿ ಮೆರವಣಿಗೆ ಲಾರಿ ಮೇಲಿನ ಬಾಕ್ಸುಗಳು, ಎದೆ ಒಡೆಯೋ ಹಂಗೆ ಬರೋ ಡಬ್ ಡಬ್. ಆ ಬಾಕ್ಸುಗಳ ಬಗ್ಗೆ ಏನೇ ಅನ್ನಿ, ಬೇಸ್ ಬಾಕ್ಸು ಕಟ್ಟೋ ವಿದ್ಯೆ ನಮ್ಮ ಹುಡುಗ್ರಿಗೆ ಅದ್ರಿಂದಾನೇ ಬಂದಿದ್ದು. ರೆಗ್ಗೆಗೆ ಅದೇ ಬಾಕ್ಸು ಸಾಕು, ಸೆಟ್ಟಿಂಗ್ ಮಾತ್ರ ಬೇರೆ. ಹಾರ್ನ್ ಲೌಡ್‌ಸ್ಪೀಕರ್ ಬೇಡ, ಅದು ಅನೌನ್ಸ್‌ಮೆಂಟಿಗೆ, ಬೇಸ್ ಅದ್ರಲ್ಲಿ ಬರೋದೇ ಇಲ್ಲ. ಬೇಸ್ ಗಿಟಾರಿನ ತೀರಾ ಕೆಳಗಿನ ತಂತಿ ಸುಮಾರು 41 ಹರ್ಟ್ಸ್. ಎರಡು 18 ಇಂಚಿನ ಬೇಸ್ ಬಾಕ್ಸು, ಎರಡು ಟಾಪು ಅಂತ ಕೇಳಿ, ಇನ್ನೂರು ಜನದ ತನಕ ಧಾರಾಳ. ಕ್ರಾಸ್‌ಓವರ್ 100 ಹರ್ಟ್ಸ್ ಆಸುಪಾಸು (ಅದಕ್ಕಿಂತ ಕೆಳಗಿನ ಸದ್ದು ಬೇಸ್ ಬಾಕ್ಸಿಗೆ, ಮೇಲಿನದು ಟಾಪಿಗೆ), ಸದ್ದು ತಿದ್ದೋ ಈಕ್ಯೂದಲ್ಲಿ ಮೆರವಣಿಗೆಗೆ ಅಂತ ಎತ್ತಿಟ್ಟಿರೋ ಆ ಒಂದೇ ಬೂಂ ಜಾಗನ ಕೆಳಗಿಳಿಸಿ ಎಲ್ಲಾ ಸಮ ಮಾಡ್ಸಿ, ಯಾಕಂದ್ರೆ ರೆಗ್ಗೇಲಿ ಬೇಸ್ ಗಿಟಾರೇ ಹಾಡೋದು, ಅದರ ಒಂದೊಂದು ಸ್ವರನೂ ಬೇರೆ ಬೇರೆ ಕೇಳ್ಬೇಕು. ಎರಡು ಬೇಸ್ ಬಾಕ್ಸನ್ನ ದೂರ ದೂರ ಇಡದೆ ಒಟ್ಟಿಗೆ, ಗೋಡೆಗೆ ಒತ್ತಿ ಇಡಿ, ಅದೇ ಕರೆಂಟಲ್ಲಿ ಜಾಸ್ತಿ ಬೇಸ್ ಬರುತ್ತೆ. ಶೀಟ್ ಮನೆ ಒಳಗೆ ಮಾಡಿದ್ರೆ ಶೀಟು ಕುಣಿಯುತ್ತೆ, ಅದರ ಬದಲು ಅಡಿಕೆ ಅಂಗಳ.

ಸೌಂಡ್ಸ್ ಹುಡುಗನಿಗೆ ಮೊದಲೇ ಹೇಳಿ, ಒನ್ ಡ್ರಾಪ್ ಅಂತ ಒಂದು ತಾಳ ಇದೆ, ಒಂದು ಎರಡು ಮೂರು ನಾಲ್ಕು ಅಂತ ಎಣಿಸಿದ್ರೆ ಒಂದರ ಮೇಲೆ ಡ್ರಮ್ಮಿನ ಪೆಟ್ಟೇ ಇಲ್ಲ, ಪೆಟ್ಟು ಬೀಳೋದು ಮೂರರ ಮೇಲೆ. ಹೇಳ್ದಿದ್ರೆ ವೈರ್ ಲೂಸ್ ಆಗಿದೆ ಅಂತ ಹೋಗಿ ಪಿನ್ ಅಲ್ಲಾಡಿಸ್ತಾನೆ.

ಅವರ ಮಿಕ್ಸರಲ್ಲಿ ಕರೋಕೆಗೆ, ಆರ್ಕೆಸ್ಟ್ರಾಗೆ ಅಂತ ಎಕೋ ಇರುತ್ತೆ. ಬಿಡ್ಬೇಡಿ ಅದನ್ನ. ಕಿಂಗ್ ಟಬ್ಬಿ ಅಂತ ಹೆಸರು ಕೇಳಿರ್ಬಹುದು, ಅವರು ಮೂಲತಃ ರೇಡಿಯೋ, ಆಂಪ್ಲಿಫಯರ್ ರಿಪೇರಿಯೋರು, ಟ್ರಾನ್ಸ್‌ಫಾರ್ಮರ್ ಸುತ್ತೋರು, ಮನೆಯ ಸಣ್ಣ ರೂಮಲ್ಲಿ ನಾಲ್ಕು ಟ್ರ್ಯಾಕಿನ ಸಾಮಾನು ಇಟ್ಕೊಂಡು, ಹಾಡಿದ ದನಿ ತೆಗೆದು ಬೇಸು ಡ್ರಮ್ಮು ಮಾತ್ರ ಬಿಟ್ಟು, ನಡುನಡುವೆ ಒಂದು ಪದ ಎಕೋಲಿ ಎಸೆದು ಡಬ್ ಅನ್ನೋದನ್ನ ಮಾಡಿದ್ರು. ಆ ಎಕೋ ಗುಂಡಿ ಮೇಲೆ ಕೈ ಇಟ್ಕೊಂಡಿರೋ ರಿಪೇರಿಯಣ್ಣ ನಮ್ಮಲ್ಲೂ ಇದಾರೆ, ಅವರನ್ನ ಕರೆದು ಕೂರಿಸಿ, ಬರೀ ಬಾಡಿಗೆ ಮಾತಾಡಿ ಕಳಿಸ್ಬೇಡಿ.

ಹಾಕೋದು

ಟೆಕ್ನಿಕ್ಸೇ ಆಗ್ಬೇಕು ಅಂತಿಲ್ಲ ಅಂದಿದ್ದು ಇದಕ್ಕೆ. ಜಮೈಕಾ ಸೌಂಡ್ ಸಿಸ್ಟಂಗಳು ಬಹಳ ಕಾಲ ಒಂದೇ ಟರ್ನ್‌ಟೇಬಲ್ಲಲ್ಲಿ ನಡೆದಿದ್ದು, ಹಾಡಿಂದ ಹಾಡಿಗೆ ಬೀಟ್ ಹೊಂದಿಸೋ ಸರ್ಕಸ್ ಇಲ್ಲ. ಒಬ್ಬ ರೆಕಾರ್ಡ್ ಆರಿಸಿ ಹಾಕೋನು, ಅವನು ಸೆಲೆಕ್ಟರ್. ಇನ್ನೊಬ್ಬ ಮೈಕ್ ಹಿಡಿದು ಮಾತಾಡೋನು. ರೆಕಾರ್ಡ್ ಬದಲಿಸೋವಾಗ ಆಗೋ ಖಾಲಿ ಜಾಗ ಮಾತಾಡೋನದ್ದು. 7 ಇಂಚಿನ ರೆಕಾರ್ಡಲ್ಲಿ ಒಂದು ಕಡೆ ಹಾಡು ಇದ್ರೆ ಇನ್ನೊಂದು ಮಗ್ಗುಲಲ್ಲಿ ಅದೇ ಹಾಡಿನ ವರ್ಷನ್ ಇರುತ್ತೆ, ಅಂದ್ರೆ ದನಿ ತೆಗೆದಿದ್ದು. ಹಾಡು ಮುಗಿದ ಕೂಡ್ಲೇ ಮಗುಚಿ ಹಾಕಿ, ಮಾತುಗಾರನಿಗೆ ಬಿಡಿ. ಯು-ರಾಯ್ ಅನ್ನೋರು ಟಬ್ಬಿಯ ಸೌಂಡಲ್ಲೇ ಹಿಂಗೆ ಮಾತಾಡಿ ಹೆಸರು ಮಾಡಿದ್ದು, 1970ರ ಹೊತ್ತಿಗೆ ಅವರ ಮಾತಿನ ರೆಕಾರ್ಡುಗಳು ಹಾಡಿದೋರ ರೆಕಾರ್ಡುಗಳನ್ನೇ ಹಿಂದೆ ಹಾಕಿದ್ವು.

ಇಲ್ಲಿ ಆ ಮೈಕು ಯಾರಿಗೆ ಕೊಡೋದು ಅನ್ನೋದೇ ಮಜಾ. ಇಂಗ್ಲಿಷ್ ಬರೋ ಕಾಲೇಜ್ ಹುಡುಗನಿಗೆ ಕೊಡ್ಬೇಡಿ, ಅವನು ಯೂಟ್ಯೂಬ್ ನೋಡಿ ಜಮೈಕಾ ರಾಗ ಎಳೀತಾನೆ, ಕೇಳೋಕಾಗಲ್ಲ. ಟೂರ್ನಮೆಂಟ್ ಕಾಮೆಂಟ್ರಿಯೋರಿಗೆ ಕೊಡಿ, ಇಲ್ಲಾ ತಾಳಮದ್ದಳೇಲಿ ಅರ್ಥ ಹೇಳಿ ಅಭ್ಯಾಸ ಇರೋರಿಗೆ. ತಕ್ಷಣಕ್ಕೆ ಮಾತು ಕಟ್ಟೋದು, ಎದುರಿಗಿರೋನ ಕಾಲೆಳೆಯೋದು, ತಾಳಕ್ಕೆ ಸರಿಯಾಗಿ ನಿಲ್ಲಿಸೋದು, ಅವರಿಗೆ ಹೊಸದಾಗಿ ಕಲಿಸೋದು ಏನೂ ಇಲ್ಲ, ವರ್ಷನ್ನನ್ನ ನಾಲ್ಕು ಸಲ ಮುಂಚೆ ಕೇಳಿಸಿ ಅಷ್ಟೇ. ಅಡಿಕೆ ರೇಟು, ಮಂಗನ ಕಾಟ, ಬಸ್ಸು ಬರ್ದೆ ಇರೋದು, ಎಂತ ಬೇಕಾದ್ರೂ ಮಾತಾಡ್ಲಿ. ಜಮೈಕಾದಲ್ಲಿ ಜನಕ್ಕೆ ಹಾಡು ಹಿಡಿಸಿದ್ರೆ ಕೂಗ್ತಾರೆ, ಆಗ ಸೆಲೆಕ್ಟರ್ ಸೂಜಿ ಎತ್ತಿ ಮತ್ತೆ ಮೊದಲಿಂದ ಹಾಕ್ಬೇಕು ಅಂತ ಪದ್ಧತಿ. ನಮ್ಮ ಕಂಪನಿ ನಾಟಕದ ಒನ್ಸ್ ಮೋರ್ ಕಣ್ರಿ ಅದು, ಹಿರಿಯರಿಗೆ ಹೇಳೋದೇ ಬೇಡ, ತಾವಾಗೇ ಕೂಗ್ತಾರೆ.

ಹಾಡಿನ ಅನುಕ್ರಮಕ್ಕೆ ಕಟ್ಟುನಿಟ್ಟು ಇಲ್ಲ. ನನ್ನ ಪ್ರಕಾರ ಕತ್ತಲಾಗೋ ಹೊತ್ತಿಗೆ ರಾಕ್‌ಸ್ಟೆಡಿ, ಹೆಂಗಸ್ರು ಮಕ್ಕಳು ಎಲ್ಲ ಇರ್ತಾರೆ, ದನಿಗಳು ಮೆತ್ತಗಿರುತ್ತೆ. ಆಮೇಲೆ ಎಪ್ಪತ್ತರ ದಶಕದ ಭಾರದ ರೆಗ್ಗೆ, ಡಬ್. ಬೋನಿ ಎಂ, ಅಪಾಚೆನ ನಡುವೆ ಹಾಕಿ, ಗೊತ್ತಿರೋ ಹಾಡು ಬಂದ್ರೆ ಕೂತೋರು ಏಳ್ತಾರೆ. ಕೊನೇಲಿ ಸ್ಪೀಡ್ ಬೇಕಂದ್ರೆ 1985ರ ಆಸುಪಾಸಿನ ಡಿಜಿಟಲ್ ರಿದಂಗಳು, ಅಂದ್ರೆ ಹಾಡಿನ ಹಿಂದೆ ಬರೋ ಬೇಸು-ತಾಳದ ಟ್ರ್ಯಾಕುಗಳು. ಆ ವರ್ಷ ಕಿಂಗ್ ಜ್ಯಾಮಿ ಅನ್ನೋ ನಿರ್ಮಾಪಕ ಒಂದು ಸಣ್ಣ ಕ್ಯಾಸಿಯೊ ಕೀಬೋರ್ಡಲ್ಲಿ ಕಂಪನಿಯೋರೇ ತುಂಬಿಟ್ಟಿದ್ದ ತಾಳ ಇಟ್ಕೊಂಡು ಹೊರತಂದ ಸ್ಲೆಂಗ್ ಟೆಂಗ್ ಅನ್ನೋ ರಿದಂ ಮೇಲೆ ಲೆಕ್ಕವಿಲ್ಲದಷ್ಟು ಜನ ಬೇರೆ ಬೇರೆ ಹಾಡು ಹಾಡಿದಾರೆ, ಅಂಥವನ್ನ ಒಂದರ ಹಿಂದೆ ಒಂದು ಹಾಕಿದ್ರೆ ತಾಳ ಬದಲಾಗಲ್ಲ, ಕುಣಿಯೋರು ನಿಲ್ಲಲ್ಲ. ರೆಕಾರ್ಡ್ ಸಾಲ್ದೆ ಇದ್ರೆ ಕ್ಯಾಸೆಟ್ಟು, ಅದೂ ಇಲ್ದಿದ್ರೆ ವೇವ್ ಫೈಲು, ನಾಚ್ಕೊಳ್ಳೋದೇನಿಲ್ಲ, ವಾಟ್ಸಾಪಲ್ಲಿ ಬಂದ ಹಾಡು ಮಾತ್ರ ಬೇಡ, 18 ಇಂಚಿನ ಬಾಕ್ಸಲ್ಲಿ ಅದರ ಬಂಡವಾಳ ಬಯಲಾಗುತ್ತೆ.

ಪರ್ಮಿಷನ್ನು, ದುಡ್ಡು

ಹೊರಗೆ ಬಾಕ್ಸ್ ಇಡೋಕೆ ಬರವಣಿಗೇಲಿ ಪರ್ಮಿಷನ್ ಬೇಕು, ಠಾಣೇಲಿ ವಿಚಾರಿಸಿ ಅರ್ಜಿ ಕೊಡಿ. 2000ದ ಶಬ್ದಮಾಲಿನ್ಯ ನಿಯಮದ ಪ್ರಕಾರ ರಾತ್ರಿ 10ರಿಂದ ಬೆಳಿಗ್ಗೆ 6ರ ತನಕ ಬಯಲಲ್ಲಿ ಲೌಡ್‌ಸ್ಪೀಕರ್ ಇಲ್ಲ, ಮನೆಗಳಿರೋ ಜಾಗದಲ್ಲಿ ಹಗಲಿನ ಮಿತಿ 55 ಡೆಸಿಬೆಲ್. ಹಂಗಾಗಿ ನಾಲ್ಕಕ್ಕೆ ಶುರು ಮಾಡಿ ಒಂಬತ್ತೂವರೆಗೆ ಮುಗಿಸಿ. ಗಣಪತಿ ಸೀಸನ್ನಲ್ಲಿ ಕೇಳೋಕೇ ಹೋಗ್ಬೇಡಿ, ಡಿಜೆ ಅನ್ನೋ ಪದ ಕೇಳಿದ್ರೇ ತಲೆ ಅಲ್ಲಾಡಿಸ್ತಾರೆ, ಅರ್ಜೀಲಿ ಸಂಗೀತ ಕಾರ್ಯಕ್ರಮ ಅಂತ ಬರೀರಿ, ಅದು ಸುಳ್ಳೂ ಅಲ್ಲ. ಪೋಸ್ಟರಲ್ಲಿ ಗಾಂಜಾ ಎಲೆ ಚಿತ್ರ ಬೇಡ, ರೆಗ್ಗೆ ಅಂದ್ರೆ ಅದೇ ಅನ್ಕೊಂಡಿರೋ ಹುಡುಗ್ರಿಗೆ ಗೇಟಲ್ಲೇ ಹೇಳಿ ಕಳಿಸಿ, ಮಲ್ನಾಡಲ್ಲಿ ಪೊಲೀಸ್ರು ಆ ವಿಷ್ಯದಲ್ಲಿ ಮೊದಲೇ ಕಣ್ಣಿಟ್ಟಿರ್ತಾರೆ. ಅಭಯಾರಣ್ಯದ ಅಂಚಲ್ಲಿ ಮಾಡ್ಬೇಡಿ, ಪರೀಕ್ಷೆ ಹೊತ್ತಲ್ಲಿ ಮಾಡ್ಬೇಡಿ. ಅಡಿಕೆ ಕೊಯ್ಲು ಮುಗಿದು ಅಂಗಳ ಖಾಲಿ ಆಗಿರೋ ಹೊತ್ತು, ಮದುವೆ ಸೀಸನ್ ಜೋರಾಗೋ ಮುಂಚೆ, ಅಷ್ಟರಲ್ಲಿ ಒಂದು ಶನಿವಾರ ಹಿಡೀರಿ. ಸೌಂಡ್ಸ್‌ನವರಿಗೆ ಬಾಡಿಗೆ, ರಿಪೇರಿಯಣ್ಣನಿಗೆ ಮತ್ತೆ ಮೈಕ್ ಹಿಡಿದೋರಿಗೆ ಸಂಭಾವನೆ ಅವತ್ತೇ ಕೈಲಿ ಕೊಟ್ಬಿಡಿ, ನಾಳೆ ಅನ್ಬೇಡಿ, ಮುಂದಿನ ಡೇಟು ಅಲ್ಲೇ ಅವರ ಪುಸ್ತಕದಲ್ಲಿ ಬರೆಸಿ ಬನ್ನಿ, ಲಗ್ನ ಶುರುವಾದ್ಮೇಲೆ ಫೋನೇ ಎತ್ತಲ್ಲ.